ಕ್ವಿಲ್ಟ್ ಮಷೀನ್ ಹೊಲಿಗೆಗೆ ಕೊಡುವವರು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ಕ್ವಿಲ್ಟ್ ಅಂದರೆ ಮೇಲಿನ ಬಟ್ಟೆ, ನಡುವೆ ಹತ್ತಿಯ ಪದರ, ಅಡಿಬಟ್ಟೆ ಮೂರನ್ನೂ ಸೇರಿಸಿ ಹೊಲಿದ ಹೊದಿಕೆ. ಅಡಿಬಟ್ಟೆ ಮೇಲಿನ ಬಟ್ಟೆಯಷ್ಟೇ ಇದ್ದರೆ ಕ್ವಿಲ್ಟ್ ಅನ್ನು ದೊಡ್ಡ ಮಷೀನಿನವರಿಗೆ ಕೊಡಬೇಡಿ. ನಾಲ್ಕೂ ಕಡೆ 4 ಇಂಚು ಜಾಸ್ತಿ ಬೇಕು. ಇದೊಂದು ಗೊತ್ತಿಲ್ಲದೆ ನಾನು ಅಮ್ಮನ ಸೀರೆಯ ಸೆರಗನ್ನು ಕಳೆದುಕೊಂಡೆ.

ಅಮ್ಮ ಉಟ್ಟು ಹಳತಾದ ಉಡುಪಿ ಕೈಮಗ್ಗದ ಸೀರೆಗಳು ಆರು ಇದ್ದವು. "ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು ಹೋಗ್ತದೆ, ಎಂತಾದ್ರೂ ಮಾಡು ಮಾರಾಯ್ತಿ" ಎಂದಳು ಅಕ್ಕ. ಚೌಕ ಚೌಕವಾಗಿ ಕತ್ತರಿಸಿ, ಮೂರು ತಿಂಗಳು ಕೂತು ಜೋಡಿಸಿದೆ. ಬುಡದ ಅಂಚಿಗೆ ಕೆಂಪು ಸೀರೆಯ ಸೆರಗು ಹಾಕಿದೆ. ಒಟ್ಟು 72 ಇಂಚು ಅಗಲ, 84 ಇಂಚು ಉದ್ದ. ಮಂಗಳೂರಿನ ಹಂಪನಕಟ್ಟೆಯಲ್ಲಿ ಅಡಿಬಟ್ಟೆ ತಂದು, ಎರಡು ಇಂಚು ಮಾತ್ರ ದೊಡ್ಡದಾಗಿ ಕತ್ತರಿಸಿದೆ. ಬಟ್ಟೆ ಸುಮ್ನೆ ಯಾಕೆ ಹಾಳು ಮಾಡುವುದು ಅಂತ!

ಮೂರೂ ಪದರ ಸೇರಿಸಿ ಸೇಫ್ಟಿ ಪಿನ್ ಚುಚ್ಚಿ, ಕಚ್ಚಾ ಹೊಲಿಗೆಯನ್ನೂ ಹಾಕಿದೆ. ಮನೆಯ ಮಷೀನಿನಲ್ಲಿ ಹೊಲಿಯುವುದಾದರೆ ಅದು ಸರಿ. ದೊಡ್ಡ ಮಷೀನಿನವರದು ಬೇರೆ. ಅಲ್ಲಿ ಬಟ್ಟೆ ಚೌಕಟ್ಟಿನ ರೋಲರ್‌ಗಳಲ್ಲಿ ಬಿಗಿಯಾಗಿ ನಿಂತಿರುತ್ತದೆ, ಮಷೀನಿನ ತಲೆಯೇ ಅದರ ಮೇಲೆ ಓಡಾಡುತ್ತದೆ. ಮೇಲಿನ ಬಟ್ಟೆ, ಹತ್ತಿಯ ಪದರ, ಅಡಿಬಟ್ಟೆ ಮೂರನ್ನೂ ಬೇರೆ ಬೇರೆಯಾಗಿ ಏರಿಸುತ್ತಾರೆ. ಹಾಗಾಗಿ ಬಿಡಿಬಿಡಿಯಾಗಿಯೇ ಕೊಡಬೇಕು. ನನ್ನ ಪಿನ್ನು, ದಾರ ಎಲ್ಲ ಅವರು ಬಿಚ್ಚಿದರು. ಅದಕ್ಕೂ ಬಿಲ್ಲಿನಲ್ಲಿ ದುಡ್ಡು ಬಿತ್ತು.

ಅಡಿಬಟ್ಟೆಯ ಮೇಲಿನ, ಕೆಳಗಿನ ಅಂಚನ್ನು ರೋಲರಿನ ಕ್ಯಾನ್ವಾಸಿಗೆ ಸಿಕ್ಕಿಸುತ್ತಾರೆ. ಎರಡು ಪಕ್ಕಗಳನ್ನು ಕ್ಲಿಪ್ ಹಿಡಿದು ಎಳೆಯುತ್ತದೆ. ಕ್ಲಿಪ್ಪಿಗೆ ಹಿಡಿಯಲು ಬಟ್ಟೆ ಬೇಕಲ್ವಾ? ಜಾಗ ಬಿಡದಿದ್ದರೆ ಮಷೀನಿನ ತಲೆ ಕ್ಲಿಪ್ಪಿಗೆ ಹೊಡೆಯುತ್ತದೆ. ನನ್ನ ಅಳತೆಗೆ 80 × 92 ಬೇಕಿತ್ತು. ನಾನು ಕೊಟ್ಟದ್ದು 74 × 86. ಹತ್ತಿಯ ಪದರವೂ ಅಷ್ಟೇ ದೊಡ್ಡದಿರಬೇಕು. 44 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಎರಡು ಪಟ್ಟೆ ಜೋಡಿಸಬೇಕು, ಆದರೆ ಅದರ ಗಟ್ಟಿ ಅಂಚನ್ನು ಕತ್ತರಿಸಿ ತೆಗೆದ ಮೇಲೆ. ಆ ಅಂಚು ಹಿಗ್ಗುವುದಿಲ್ಲ, ಹಾಗೇ ಬಿಟ್ಟರೆ ಜೋಡಣೆ ಸುಕ್ಕುಗಟ್ಟುತ್ತದೆ.

ಕೊಡುವಾಗ ನಾನೇ ಕೇಳಿದ್ದೆ, "ಅಡಿಬಟ್ಟೆ ಸಾಕಾಗ್ತದಾ?" ಅಂತ. ಕೌಂಟರಿನಲ್ಲಿದ್ದವರು ಮಡಿಕೆ ಬಿಚ್ಚದೆ, "ಆಗ್ತದೆ ಮೇಡಂ, ಎಂತ ತೊಂದರೆ ಇಲ್ಲ" ಎಂದರು. ಟೇಪ್ ಹಿಡಿಯಲಿಲ್ಲ. ಚೀಟಿಯಲ್ಲಿ ಬರೆದದ್ದು "ಬೆಡ್‌ಶೀಟ್ 1". ಆಗಲೇ ಎದ್ದು ಬರಬೇಕಿತ್ತು.

ಹದಿನೈದು ದಿನ ಬಿಟ್ಟು ಹೋದಾಗ ಕ್ವಿಲ್ಟ್ ಕೈಗಿಟ್ಟರು. ಜೊತೆಗೆ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಕೆಂಪು ಸೆರಗಿನ ಪಟ್ಟಿ! ಬುಡಕ್ಕೆ ಬರುವಷ್ಟರಲ್ಲಿ ಅಡಿಬಟ್ಟೆ ಮುಗಿಯಿತಂತೆ, ಮಷೀನ್ ಮುಟ್ಟಲಿಲ್ಲವಂತೆ, ಅದಕ್ಕೆ "ನೀಟಾಗಿ ಕಟ್ ಮಾಡಿದೆವು". ಒಂದು ಫೋನ್ ಮಾಡಬಹುದಿತ್ತು. ಮಾಡಿದ್ದೆವು ಎಂದರು. ನನ್ನ ಮೊಬೈಲಿನಲ್ಲಿ ಮಿಸ್ಡ್ ಕಾಲ್ ಒಂದೂ ಇಲ್ಲ.

ಪಕ್ಕದ ಅಂಚಿನಲ್ಲಿ ಬಟ್ಟೆ ಮಡಚಿ ಹೊಲಿಗೆಯಡಿ ಸಿಕ್ಕಿಕೊಂಡಿತ್ತು. ಅದು ಮಾತ್ರ ಪೂರ್ತಿ ನನ್ನದೇ ತಪ್ಪು. ಆ ಅಂಚಿಗೆ ಉದ್ದ ಪಟ್ಟಿಯನ್ನು ಹೊಲಿಯುತ್ತಾ ಹೋಗಿ ಕೊನೆಗೆ ಉಳಿದದ್ದನ್ನು ಕತ್ತರಿಸಿದ್ದೆ. ಹಾಗೆ ಮಾಡಿದರೆ ಅಂಚು ಎಳೆದುಕೊಂಡು ಉದ್ದವಾಗುತ್ತದೆ. ಆಮೇಲೆ ಅಳೆದೆ. ನಡುವೆ 84, ಅಂಚಿನಲ್ಲಿ 86½. ಆ ಎರಡೂವರೆ ಇಂಚು ಎಲ್ಲಿಗೆ ಹೋಗಬೇಕು? ನಡುಭಾಗದ ಅಳತೆ ತೆಗೆದು, ಎರಡೂ ಪಕ್ಕದ ಪಟ್ಟಿಗಳನ್ನು ಅಷ್ಟಕ್ಕೇ ಕತ್ತರಿಸಿ, ಮಧ್ಯಕ್ಕೂ ತುದಿಗೂ ಪಿನ್ ಹಾಕಿ ಹೊಲಿಯಬೇಕು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಒಳಗೆ ಕೌದಿ ಹೊಲಿಯುತ್ತಾ ಹೋಗುತ್ತಾರೆ. ಅವರ ಕೈ ಬಟ್ಟೆಯನ್ನು ಸವರಿ ಸರಿಮಾಡಿಕೊಳ್ಳುತ್ತದೆ. ಮಷೀನಿಗೆ ಆ ಕೈ ಇಲ್ಲ.

ಇನ್ನು ಸಣ್ಣಪುಟ್ಟದ್ದು. ಮೇಲಿನ ಬಟ್ಟೆಯ ಹಿಂಬದಿಯ ದಾರದ ತುಂಡುಗಳನ್ನು ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ಬಿಳಿ ಚೌಕಗಳಡಿ ಕಪ್ಪು ದಾರ ಎದ್ದು ಕಾಣುತ್ತದೆ. ಜೋಡಣೆಗಳಿಗೆಲ್ಲ ಇಸ್ತ್ರಿ ಹಾಕಿ. ಮೇಲ್ಭಾಗ ಯಾವುದೆಂದು ಚೀಟಿ ಸಿಕ್ಕಿಸಿ. ಕನ್ನಡಿ, ಗುಂಡಿ ಹೊಲಿಯುವುದಿದ್ದರೆ ಎಲ್ಲ ಆದ ಮೇಲೆ. ಗಾಢ ಬಣ್ಣದ ಸೀರೆಯನ್ನು ಕತ್ತರಿಸುವ ಮೊದಲೇ ಒಗೆದು ಬಣ್ಣ ಬಿಡುತ್ತದೆಯೇ ನೋಡಿ. ಕೊಡುವಾಗ ಅವರೆದುರೇ ಅಳೆದು, ಅಳತೆಯನ್ನೂ "ಕೇಳದೆ ಕತ್ತರಿಸಬಾರದು" ಎಂಬುದನ್ನೂ ರಸೀದಿಯಲ್ಲೇ ಬರೆಸಿ. ಫೋಟೋ ತೆಗೆದಿಡಿ.

ಅರ್ಧ ದುಡ್ಡು ವಾಪಸ್ ಕೊಟ್ಟರು, ಜಗಳ ಮಾಡಿದ ಮೇಲೆ. ಸೆರಗಿನ ಪಟ್ಟಿ ಈಗಲೂ ಅದೇ ಕವರಿನಲ್ಲಿ ಕಪಾಟಿನೊಳಗೆ ಉಂಟು. ಅಕ್ಕನಿಗೆ ಇನ್ನೂ ಹೇಳಿಲ್ಲ.