ನಮ್ಮ ಹೋಲ್‌ಸೇಲ್ ದರ ಎಲ್ಲರ ಕಣ್ಣಿಗೂ ಬಿತ್ತು: ಆನ್‌ಲೈನ್ ಅಂಗಡಿ ಮಾಡಿಸುವವರು ದಯವಿಟ್ಟು ಓದಿ

"ಏನ್ರೀ, ನನಗೆ ಕೊಡೋ ರೇಟನ್ನೇ ಊರಿಗೆಲ್ಲ ಹಾಕಿದ್ದೀರಲ್ಲ?"

ಆರು ವರ್ಷದಿಂದ ನಮ್ಮ ಹತ್ತಿರ ಮಾಲು ತೆಗೆದುಕೊಳ್ಳುತ್ತಿದ್ದ ಅಂಗಡಿಯವರು ಫೋನ್ ಮಾಡಿ ಕೇಳಿದ ಮಾತು ಇದು. ಅವರ ಗಿರಾಕಿಯೊಬ್ಬರು ಒಂದು ಕೈಯಲ್ಲಿ ನಮ್ಮ ಗಾಜಿನ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, "ಇಲ್ಲಿ ಇಷ್ಟು ಕಮ್ಮಿ ಇದೆ, ನೀವ್ಯಾಕೆ ಜಾಸ್ತಿ ಹೇಳ್ತೀರಿ?" ಅಂದರಂತೆ. ಮೊಬೈಲ್‌ನಲ್ಲಿ ಇದ್ದದ್ದು ನಮ್ಮದೇ ಆನ್‌ಲೈನ್ ಅಂಗಡಿ. ಕಾಣುತ್ತಿದ್ದದ್ದು ಹೋಲ್‌ಸೇಲ್ ದರ.

ಮೊದಲು ನಮ್ಮದು ಬರೀ ಚಿಲ್ಲರೆ ಮಾರಾಟದ ಸೈಟ್. ಅದರ ಮೇಲೆಯೇ ಒಂದು ಪ್ಲಗಿನ್ (ಸೈಟ್‌ಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿಸಿ ಹೋಲ್‌ಸೇಲ್ ಶುರು ಮಾಡಿದೆವು. ಅಂಗಡಿಯವರು ಲಾಗಿನ್ ಆದರೆ ಅವರ ದರ, ಉಳಿದವರಿಗೆ ಚಿಲ್ಲರೆ ದರ. ಸೈಟ್ ಮಾಡಿಕೊಟ್ಟವರು ನಮ್ಮ ಮುಂದೆಯೇ ಲಾಗಿನ್ ಮಾಡಿ ತೋರಿಸಿದರು, ಲಾಗೌಟ್ ಮಾಡಿ ತೋರಿಸಿದರು. ಬೆಲೆ ಸರಿಯಾಗಿ ಬದಲಾಯಿತು. ನಾನು ಹತ್ತು ನಿಮಿಷದಲ್ಲಿ ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಗೋಳಿಗೆ ಕಾರಣ ಕ್ಯಾಶ್. ದುಡ್ಡಿನ ಕ್ಯಾಶ್ ಅಲ್ಲ. ಸೈಟ್ ಬೇಗ ತೆರೆಯಲಿ ಅಂತ ಪುಟದ ಒಂದು ಪ್ರತಿ ತೆಗೆದಿಟ್ಟುಕೊಂಡು, ಮುಂದೆ ಬಂದವರಿಗೆಲ್ಲ ಅದನ್ನೇ ತೋರಿಸುವ ಏರ್ಪಾಡು. ಚಿಲ್ಲರೆ ಅಂಗಡಿಗೆ ಇದು ಒಳ್ಳೆಯದೇ. ಆದರೆ ನಮ್ಮ ಸೈಟ್‌ನಲ್ಲಿ ಲಾಗಿನ್ ಆದವರ ಪುಟವನ್ನೂ ತೆಗೆದಿಡುವ ಹಾಗೆ ಸೆಟ್ಟಿಂಗ್ ಇತ್ತು. ಬೆಳಿಗ್ಗೆ ಯಾರೋ ಅಂಗಡಿಯವರು ಡಬ್ಬಿಯ ಪುಟ ತೆರೆದಿದ್ದಾರೆ. ಅವರ ದರದ ಪುಟವೇ ಉಳಿದುಕೊಂಡಿದೆ. ಆಮೇಲೆ ಬಂದ ಗಿರಾಕಿಗಳಿಗೆಲ್ಲ ಅದೇ ಕಂಡಿದೆ. ಒಂದು ಪುಟದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು, ಸ್ವಲ್ಪ ಹೊತ್ತಿಗೆ ಮತ್ತೆ ಸರಿ. ಹಾಗಾಗಿ ದೂರು ಕೊಟ್ಟಾಗಲೆಲ್ಲ "ನಮಗೆ ಸರಿಯಾಗೇ ಕಾಣ್ತಿದೆ" ಅನ್ನುವ ಉತ್ತರವೇ ಬರುತ್ತಿತ್ತು.

ಅದನ್ನು ಸರಿ ಮಾಡಿಸಿದ ಮೇಲೆ ಅನುಮಾನ ಬಂದು ಪುಟದ ಸೋರ್ಸ್, ಅಂದರೆ ಪುಟದ ಹಿಂದಿರುವ ಕೋಡ್, ತೆರೆದು ನೋಡಿದೆ. ಕಂಪ್ಯೂಟರ್‌ನಲ್ಲಿ ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದರೆ ಸಾಕು, ಯಾರಿಗೆ ಬೇಕಾದರೂ ಕಾಣುತ್ತದೆ. ಅಲ್ಲಿ ಎರಡೂ ದರ ಪಕ್ಕಪಕ್ಕದಲ್ಲೇ ಇದ್ದವು! ಹೋಲ್‌ಸೇಲ್ ದರವನ್ನು ಸಿಎಸ್‌ಎಸ್‌ನಿಂದ (ಪುಟ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ಕಣ್ಣಿಗೆ ಮರೆಮಾಡಿದ್ದರು, ಅಷ್ಟೇ. ಅಂದಮೇಲೆ ಅದನ್ನು ಗುಟ್ಟು ಅನ್ನೋಕಾಗುತ್ತಾ? ಲಾಗಿನ್ ಆಗದವರ ಬ್ರೌಸರ್‌ಗೆ ಆ ದರ ಹೋಗಲೇಬಾರದು.

ಇನ್ನೊಂದು ಬಾಗಿಲೂ ತೆರೆದೇ ಇತ್ತು. ಹೋಲ್‌ಸೇಲ್ ಅರ್ಜಿ ತುಂಬಿದವರಿಗೆ ತಾನಾಗಿಯೇ ಒಪ್ಪಿಗೆ ಸಿಗುತ್ತಿತ್ತು. ಅಂಗಡಿ ಇದೆಯೋ ಇಲ್ಲವೋ ನೋಡುವವರೇ ಇಲ್ಲ.

ಉಳಿದ ತೊಂದರೆಗಳು ಸಣ್ಣವು, ಆದರೂ ಹೇಳಿಬಿಡುತ್ತೇನೆ. ನಮ್ಮ ಬಾಕ್ಸ್‌ಗೆ 12 ಡಬ್ಬಿ. ಸೈಟ್ 7 ಡಬ್ಬಿಗೂ ಆರ್ಡರ್ ತೆಗೆದುಕೊಳ್ಳುತ್ತಿತ್ತು. ತಿಂಗಳ ಉದ್ರಿಯಲ್ಲಿ ವ್ಯವಹಾರ ಮಾಡುವವರಿಗೂ ಆಗಲೇ ಕಾರ್ಡ್‌ನಲ್ಲಿ ಪೂರ್ತಿ ಹಣ ಕಟ್ಟಿ ಅನ್ನುತ್ತಿತ್ತು. ಸಾಗಣೆ ಖರ್ಚನ್ನು ಒಂದು ಡಬ್ಬಿಯ ಲೆಕ್ಕದಲ್ಲೇ ಹಾಕುತ್ತಿತ್ತು.

ನೀವೂ ಮಾಡಿಸುತ್ತಿದ್ದರೆ ಕೊನೆಯ ಕಂತು ಕೊಡುವ ಮೊದಲು ಇಷ್ಟು ಮಾಡಿ. ಒಂದು ಕಂಪ್ಯೂಟರ್‌ನಲ್ಲಿ ಹೋಲ್‌ಸೇಲ್ ಗಿರಾಕಿಯಾಗಿ ಲಾಗಿನ್ ಆಗಿ ನಾಲ್ಕೈದು ಪುಟ ತೆರೆಯಿರಿ. ಕೂಡಲೇ ಬೇರೆ ಮೊಬೈಲ್‌ನಲ್ಲಿ, ಲಾಗಿನ್ ಆಗದೆ, ಅವೇ ಪುಟಗಳನ್ನು ನೋಡಿ. ಇದೇ ಕ್ರಮದಲ್ಲಿ ಮಾಡಬೇಕು, ಮೊದಲು ಹೋಲ್‌ಸೇಲ್, ಆಮೇಲೆ ಚಿಲ್ಲರೆ. ಲಾಗಿನ್ ಇಲ್ಲದ ಆ ಪುಟಗಳ ಸೋರ್ಸ್‌ನಲ್ಲಿ ನಿಮ್ಮ ಹೋಲ್‌ಸೇಲ್ ದರದ ಅಂಕಿ ಹುಡುಕಿ. ಗೂಗಲ್‌ನಲ್ಲಿ ನಿಮ್ಮ ಸಾಮಾನಿನ ಹೆಸರು ಹಾಕಿ, ಹುಡುಕಾಟದಲ್ಲಿ ಯಾವ ಬೆಲೆ ಬರುತ್ತದೆ ಅಂತಲೂ ನೋಡಿ. ಹೋಲ್‌ಸೇಲ್ ಅರ್ಜಿಗಳಿಗೆ ಒಪ್ಪಿಗೆ ಕೊಡುವುದು ನಿಮ್ಮ ಕೈಯಲ್ಲೇ ಇರಲಿ.

ಈಗ ನಮ್ಮ ಹೋಲ್‌ಸೇಲ್ ಬೇರೆ ವಿಳಾಸದಲ್ಲಿದೆ. ಲಾಗಿನ್ ಆಗದೆ ಅಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ಆವತ್ತು ಫೋನ್ ಮಾಡಿದ ಅಂಗಡಿಯವರ ಹತ್ತಿರ ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ಮಾತಾಡಿಸಿದರು, ಕೂರಿಸಿದರು. ಆರ್ಡರ್ ಮಾತ್ರ ಇನ್ನೂ ಬಂದಿಲ್ಲ.