ಮೂರು ವರ್ಷ ದುಡ್ಡು ಕಟ್ಟಿದ ಮೇಲೆ: ವಂಶವೃಕ್ಷ ತಾಣ ಮತ್ತು ನಮ್ಮ ಐರಿಷ್ ಸಿಪಾಯಿ

ಹಳೆಯ ದಾಖಲೆ ಹುಡುಕಿ ವಂಶವೃಕ್ಷ ಕಟ್ಟಿಕೊಳ್ಳುವ ಅಂತರ್ಜಾಲ ತಾಣ ಇದು, ಹೆಸರು ಬರೆಯುವುದಿಲ್ಲ. ಇಂಥವು ಮೂರ್ನಾಲ್ಕಿವೆ, ಎಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಯಾವ ಪ್ಲಾನಿನಲ್ಲಿ ಏನೇನು ಸಿಗುತ್ತದೆ ಅನ್ನುವುದು ಅವರ ಜಾಹೀರಾತಿನಲ್ಲೇ ಇದೆ, ಅದನ್ನು ಬಿಡಿ. ವರ್ಷಕ್ಕೆ ಸುಮಾರು 15,000 ರೂಪಾಯಿಯಂತೆ ಮೂರು ವರ್ಷ ಕಟ್ಟಿದ್ದೇನೆ. ಪಿಂಚಣಿ ದುಡ್ಡು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮಮ್ಮನ ತಾಯಿ ಕೆಜಿಎಫ್‌ನ ಆಂಗ್ಲೋ ಇಂಡಿಯನ್. ನಾವು ಮಕ್ಕಳೆಲ್ಲ ನಾನಾ ಅನ್ನುತ್ತಿದ್ದೆವು. ಕನ್ನಡದವರನ್ನು ಮದುವೆಯಾಗಿ, ಮುದ್ದೆ ತಿರುವುವುದನ್ನೂ ಬಸ್ಸಾರನ್ನೂ ಕಲಿತು, ಭಾನುವಾರ ಮಾತ್ರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಮೂಲದ ಬಗ್ಗೆ ಅವರು ಹೇಳುತ್ತಿದ್ದದ್ದು ಎರಡೇ ಮಾತು. ಒಂದು, ತಮ್ಮ ಮುತ್ತಜ್ಜ ಐರ್ಲೆಂಡಿನ ಕಾರ್ಕ್‌ನಿಂದ ಬಂದ ಸಿಪಾಯಿ. ಇನ್ನೊಂದು, ಲ್ಯಾವೆಲ್ ರೋಡಿನ ಲ್ಯಾವೆಲ್ ಸಾಹೇಬರು ನಮಗೇನೋ ಆಗಬೇಕು. ಆ ಲ್ಯಾವೆಲ್ಲೂ ಐರ್ಲೆಂಡಿನ ಸೈನಿಕನೇ. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿಗೆ ಬಂದು, 1873ರಲ್ಲಿ ಕೋಲಾರದಲ್ಲಿ ಗಣಿ ತೋಡಲು ಮೈಸೂರು ಸರ್ಕಾರವನ್ನು ಕೇಳಿದವನು. ಅಂಥವನು ಕೆಜಿಎಫ್‌ನಲ್ಲಿ ಯಾರಿಗೆ ತಾನೇ ನೆಂಟನಲ್ಲ! ಆ ಮಾತಿಗೆ ಒಂದು ಚೂರು ದಾಖಲೆಯೂ ಸಿಗಲಿಲ್ಲ.

ಮುತ್ತಜ್ಜನ ಅಡ್ಡಹೆಸರನ್ನೂ ಇಲ್ಲಿ ಹಾಕುವುದಿಲ್ಲ. ಐರ್ಲೆಂಡಿನಲ್ಲಿ ಅದು ಮಂಡ್ಯ ಕಡೆ ಸಿದ್ದೇಗೌಡ ಇದ್ದ ಹಾಗೆ. ಸಂತೆಯಲ್ಲಿ ನಿಂತು ಕೂಗಿದರೆ ಹತ್ತು ಜನ ತಿರುಗುತ್ತಾರೆ.

ಮೊದಲ ವರ್ಷ ತಾಣ ಕೈಬಿಡಲಿಲ್ಲ, ನಿಜ ಹೇಳಬೇಕಲ್ವಾ. ಸೈನ್ಯದಿಂದ ಬಿಡುಗಡೆಯಾದಾಗಿನ ಕಾಗದ ಅಲ್ಲೇ ಸಿಕ್ಕಿತು. ಪಿಂಚಣಿ ಪಡೆದ ಸೈನಿಕರ ಇಂಥ ಕಾಗದಗಳಲ್ಲಿ ಯಾವ ಕೌಂಟಿ (ಅಂದರೆ ಜಿಲ್ಲೆ), ಯಾವ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳು), ಯಾವ ಪಟ್ಟಣದ ಹತ್ತಿರ ಹುಟ್ಟಿದ್ದು ಅಂತ ಬರೆದಿರುತ್ತಾರೆ. ನಮ್ಮವನದು ಕಾರ್ಕ್ ಅಲ್ಲವೇ ಅಲ್ಲ. ಟಿಪ್ಪರೇರಿ ಕೌಂಟಿ, ಕ್ಯಾಶೆಲ್ ಹತ್ತಿರದ ಪ್ಯಾರಿಷ್. ಕಾರ್ಕ್ ಅನ್ನುವುದು ಅವನು ಸೈನ್ಯಕ್ಕೆ ಸೇರಲು ಹೆಸರು ಬರೆಸಿದ ಊರು, ಅಷ್ಟೆ. ಮನೆಯವರ ಬಾಯಲ್ಲಿ ಅದೇ ಹುಟ್ಟೂರಾಗಿಬಿಟ್ಟಿತ್ತು. ಸಹಿಯ ಜಾಗದಲ್ಲಿ ಸೊಟ್ಟಗೆ ಎಳೆದ ಒಂದು ಕತ್ತರಿ ಗುರುತು. ನಮ್ಮಲ್ಲಾದರೆ ಹೆಬ್ಬೆಟ್ಟು. ಓದು ಬರಹ ಬಾರದವನ ಹೆಸರನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿದ್ದಾನೆ. ಹುಡುಕುವಾಗ ಕಾಗುಣಿತ ನಂಬಬೇಡಿ.

1854ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಯುರೋಪಿಯನ್ ಪಡೆಗೆ ಸೇರಿದ್ದ. ಕಂಪನಿ ಹೋಗಿ ರಾಣಿಯ ಆಡಳಿತ ಬಂದಾಗ, ನಮ್ಮನ್ನು ಕೇಳದೆ ರಾಣಿಯ ಸೈನ್ಯಕ್ಕೆ ಹೇಗೆ ಸೇರಿಸಿದಿರಿ ಅಂತ ಗೋರಾ ಸಿಪಾಯಿಗಳೇ ತಿರುಗಿಬಿದ್ದರು. ಸುಮಾರು 10,000 ಜನ ಬಿಡುಗಡೆ ತಗೊಂಡು ಹೊರಟರು. ಊರಿಗೆ ಪುಕ್ಕಟೆ ಹಡಗು. ಈತ ಹತ್ತಲಿಲ್ಲ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆಯಲ್ಲಿ 1861ಕ್ಕೆ ಮದುವೆ ಇದೆ, ಕಾರಣ ಅದೇ ಇರಬೇಕು ಅಂತ ನನ್ನ ಲೆಕ್ಕ.

ಎರಡನೇ ವರ್ಷದಿಂದ ತಲೆನೋವು ಶುರುವಾಯಿತು. ಆ ತಾಣದಲ್ಲಿ ‘ಸುಳಿವು’ ಅಂತ ಒಂದಿದೆ. ಬೆಳಿಗ್ಗೆ ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಮೊಬೈಲ್ ಟಿಣ್ ಅನ್ನುತ್ತದೆ. ನಿಮ್ಮ ಪೂರ್ವಜರ ಹೊಸ ನೆಂಟರು ಸಿಕ್ಕಿದ್ದಾರೆ! ನೋಡಿದರೆ ನಮ್ಮ ಮುತ್ತಜ್ಜ 1871ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತೀರಿಕೊಂಡಿದ್ದಾನೆ. ಅದೇ ವರ್ಷ ಬೆಂಗಳೂರಿನಲ್ಲಿ ಅವನಿಗೊಂದು ಮಗು ಹುಟ್ಟಿದೆ. ‘ಇಲ್ಲ’ ಒತ್ತಿದೆ. ಹದಿನೈದು ದಿನ ಬಿಟ್ಟು ಬಾಸ್ಟನ್ನಿನವನು ಬೇರೆ ಯಾರದೋ ಮರ ಹಿಡಿದುಕೊಂಡು ಮತ್ತೆ ಬಂದ. ಒಬ್ಬರು ಮಾಡಿದ ತಪ್ಪನ್ನು 37 ಜನ ಹಾಗೇ ಎತ್ತಿ ತಮ್ಮ ಮರಕ್ಕೆ ಅಂಟಿಸಿಕೊಂಡಿದ್ದರು, ಎಣಿಸಿದ್ದೇನೆ. ಮರಕ್ಕೆ ಮರವೇ ಸಾಕ್ಷಿ! ಒಬ್ಬರಿಗೆ ವಿನಯದಿಂದ ಬರೆದೆ. ‘ಥ್ಯಾಂಕ್ಸ್’ ಅಂತ ಉತ್ತರ ಬಂತು. ಮರ ಹಾಗೇ ಇದೆ.

ನಾನೇನು ಸಾಚಾ ಅಲ್ಲ. ಒಂದು ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಒಂದು ಸುಳಿವಿಗೆ ‘ಹೌದು’ ಒತ್ತಿಬಿಟ್ಟೆ. ಬೆಳಗಾಗುವುದರೊಳಗೆ ಮುತ್ತಜ್ಜನಿಗೆ ಅಪ್ಪ, ಅಮ್ಮ, ಒಂಬತ್ತು ಜನ ಒಡಹುಟ್ಟಿದವರು, 1690ರ ತನಕ ಹಿರಿಯರು, ಮೇಲೊಂದು ಮೀಸೆಯ ಫೋಟೋ. ನಮ್ಮ ಮಾವ, ಅಮ್ಮನ ತಮ್ಮ, ಅದನ್ನು ನೋಡಿ ಹಿಗ್ಗಿ ಹೊಸ ಮನೆ ಗೃಹಪ್ರವೇಶಕ್ಕೆ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಿದರು. ಅದು ನಮ್ಮವರಲ್ಲ ಮಾವ ಅಂದರೆ, ‘ಇರಲಿ ಬಿಡೋ, ನೋಡೋಕೆ ಲಕ್ಷಣವಾಗಿದ್ದಾರೆ’ ಅಂದರು. ಇನ್ನೂ ಹಾಲ್‌ನ ಗೋಡೆಯಲ್ಲಿ ನೇತಾಡುತ್ತಿದೆ.

ಅಷ್ಟೂ ಕಿತ್ತುಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಪುಕ್ಕಟೆ ಸಿಗುವ ಕಡೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳನ್ನು ಹುಡುಕುವವರಿಗೆ ಫಿಬಿಸ್ ಅನ್ನುವ ಸಂಘದ ತಾಣ ಒಳ್ಳೆಯದು, ಹೆಸರು ಹಾಕಿ ಹುಡುಕಲು ದುಡ್ಡಿಲ್ಲ. ಆದರೆ ನನಗೆ ಹುಚ್ಚು ಹಿಡಿಸಿದ್ದು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣ. ಕ್ಯಾಥೊಲಿಕ್ ಪ್ಯಾರಿಷ್‌ಗಳ ಹಳೆಯ ರಿಜಿಸ್ಟರುಗಳನ್ನು, ಅಂದರೆ ಮಕ್ಕಳ ಜ್ಞಾನಸ್ನಾನ, ಮದುವೆ ಬರೆದಿಟ್ಟ ಪುಸ್ತಕಗಳನ್ನು, 2015ರಲ್ಲಿ ಪುಟಪುಟವಾಗಿ ಹಾಗೇ ಇಟ್ಟುಬಿಟ್ಟಿದ್ದಾರೆ. ಹೆಸರು ಹಾಕಿ ಹುಡುಕಲು ಬರುವುದಿಲ್ಲ. ಸುಳಿವಿಲ್ಲ, ಟಿಣ್ ಇಲ್ಲ. ವರ್ಷ, ತಿಂಗಳು ಆರಿಸಿಕೊಂಡು ಒಂದೊಂದೇ ಪುಟ ಓದಬೇಕು.

ರಾತ್ರಿ ಊಟ ಆದ ಮೇಲೆ, ಮನೆಯವರ ಧಾರಾವಾಹಿ ಶುರುವಾಗುವ ಹೊತ್ತಿಗೆ ಕೂರುತ್ತೇನೆ. ಪಕ್ಕದಲ್ಲಿ ಹುರಿಗಡಲೆ, ಒಂದು ನೂರು ಪುಟದ ನೋಟ್‌ಬುಕ್. ಕಪ್ಪು ಬಿಳುಪು ಚಿತ್ರ, ಇರುವೆ ಸಾಲಿನಂಥ ಅಕ್ಷರ, ನಮ್ಮ ಪ್ಯಾರಿಷ್‌ನದು ಲ್ಯಾಟಿನ್ ಬೇರೆ. ಜೇಮ್ಸ್ ಅಂದರೆ ಜಾಕೋಬಸ್, ವಿಲಿಯಂ ಅಂದರೆ ಗುಲಿಯೆಲ್ಮಸ್. ವಾರ ಕಳೆಯುವಷ್ಟರಲ್ಲಿ ಪಾದ್ರಿಯ ಕೈಬರಹ ಪಕ್ಕದ ಮನೆಯವರದರಷ್ಟು ಗುರುತಾಯಿತು. ಚಳಿಗಾಲದಲ್ಲಿ ಶಾಯಿ ತೆಳು ಮಾಡುತ್ತಿದ್ದ ಅಂತ ನನಗೆ ಅನುಮಾನ.

ಸೈನ್ಯದ ಕಾಗದದಲ್ಲಿ ಸೇರಿದಾಗ 19 ವರ್ಷ ಅಂತಿದೆ. ಅದರ ಪ್ರಕಾರ 1835ರಲ್ಲಿ ಹುಡುಕಿದರೆ ಇಲ್ಲ. ಸಿಕ್ಕಿದ್ದು 1837ರ ಆಗಸ್ಟಿನಲ್ಲಿ. ಹುಡುಗ ಎರಡು ವರ್ಷ ಜಾಸ್ತಿ ಹೇಳಿ ಸೇರಿದ್ದಾನೆ! ಇವನೇ ಅಂತ ಹೇಗೆ ಗೊತ್ತು? ಐರಿಷರಲ್ಲೂ ನಮ್ಮ ಹಾಗೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇತ್ತು. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೇ ಮಗಳಿಗೆ ಅಪ್ಪನ ಅಮ್ಮನ ಹೆಸರು. ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಆ ಪುಟದ ಪಕ್ಕ ಇಟ್ಟು ನೋಡಿದೆ. ಎರಡೂ ಕೂಡಿಬಂತು. ಲೋಟದ ಕಾಫಿ ಆರಿಹೋಗಿತ್ತು.

ಆ ಸಿಪಾಯಿಯ ಅಪ್ಪನ ಜಮೀನು ಹುಡುಕಲು ಗ್ರಿಫಿತ್ ಮೌಲ್ಯಮಾಪನ ನೋಡಿದೆ. 1847ರಿಂದ 1864ರವರೆಗೆ ಊರೂರಿನ ಹಿಡುವಳಿ ಬರೆದ ಪಟ್ಟಿ, ಅದೂ ಪುಕ್ಕಟೆ. ಜನಗಣತಿಗೆ ಯಾಕೆ ಹೋಗಲಿಲ್ಲ ಅಂದರೆ, ಆ ಕಾಲದ್ದು ಉಳಿದೇ ಇಲ್ಲ ಅನ್ನಬಹುದು. 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸ್ಫೋಟದಲ್ಲಿ ಸುಟ್ಟುಹೋಯಿತು. ಪಟ್ಟಿಯಲ್ಲಿ ಅದೇ ಹೆಸರಿನವರು ನಾಲ್ವರು. ಒಬ್ಬನ ಮುಂದೆ ‘ಕೆಂಪ’ ಅನ್ನುವ ಅರ್ಥದ ಗುರುತು. ಒಂದೇ ಹೆಸರಿನವರು ಇಬ್ಬರಿದ್ದರೆ ಹಾಗೆ ಬರೆಯುತ್ತಿದ್ದರಂತೆ. ನಮ್ಮೂರಲ್ಲಿ ಮೇಲ್ಮನೆ ರಾಮಣ್ಣ, ಕುಳ್ಳ ರಾಮಣ್ಣ ಇದ್ದ ಹಾಗೆ. ನಮ್ಮಮ್ಮನಿಗೂ ಕೂದಲು ಕೆಂಚು. ಇದು ಸಾಕ್ಷಿಯಲ್ಲ, ಗೊತ್ತು. ಸುಮ್ನೆ ಹೇಳಿದೆ.

ಹಾಗಾದರೆ ದುಡ್ಡು ಕಟ್ಟಬೇಕಾ? ಒಂದು ತಿಂಗಳಿಗೆ ಕಟ್ಟಿ. ಸೈನ್ಯದ ಕಾಗದ, ಮದ್ರಾಸ್ ಚರ್ಚ್ ದಾಖಲೆ ಎರಡನ್ನೂ ಇಳಿಸಿಕೊಂಡು, ತಾನೇ ನವೀಕರಣವಾಗುವುದನ್ನು ಅವತ್ತೇ ನಿಲ್ಲಿಸಿ. ನಾನು ಮರೆತದ್ದಕ್ಕೇ ಮೂರನೇ ವರ್ಷದ ದುಡ್ಡು ಹೋಯಿತು. ಐದಕ್ಕೆ ಎರಡು ನಕ್ಷತ್ರ, ಅದೂ ಆ ಕತ್ತರಿ ಗುರುತಿಗೆ.

ಒಂದು ಬಾಕಿ ಇದೆ. ಬೆಂಗಳೂರಿನಲ್ಲಿ ಮೊದಲ ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನತಂದೆಯಾಗಿ ನಿಂತವನ ಅಡ್ಡಹೆಸರೂ ನಮ್ಮದೇ. ಅದೇ ರೆಜಿಮೆಂಟು, ಸೇರಿದ್ದು ಎರಡು ವಾರ ತಡವಾಗಿ. ಅಣ್ಣನಾ, ದೊಡ್ಡಪ್ಪನ ಮಗನಾ, ಅಥವಾ ಸುಮ್ನೆ ಊರಿನವನಾ? ಅವನೂ ವಯಸ್ಸು ಸುಳ್ಳು ಹೇಳಿರಬಹುದು ಅಂತ 1830ರಿಂದ ಓದುತ್ತಾ ಬಂದಿದ್ದೇನೆ. ಈಗ 1833ರ ಮಾರ್ಚ್ ನಡೀತಿದೆ.