ದೀಪ ಆರಿಸಿ ಕೇಳಿದ ವಿಜ್ಞಾನ: ನಾಲ್ಕು ಬಗೆಯ ಆಡಿಯೊ ಶೋಗಳು, ಎರಡು ಜೊತೆ ಪುಟ್ಟ ಕಿವಿಗಳು

ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಮಲಗುವ ಮುಂಚಿನ ಅರ್ಧ ಗಂಟೆ ವಿಜ್ಞಾನಕ್ಕೆ ಮೀಸಲು. ಪುಸ್ತಕ ಇಲ್ಲ, ಪರದೆ ಇಲ್ಲ. ದೀಪ ಆರಿಸಿ, ಒಂದು ಸಣ್ಣ ಸ್ಪೀಕರನ್ನು ಹಾಸಿಗೆಯ ನಡುವೆ ಇಟ್ಟುಕೊಂಡು ಕೇಳುವುದಷ್ಟೆ. ಕೇಳುಗರು ಮೂವರು: ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ, ನಾನು.

ಮಕ್ಕಳ ವಿಜ್ಞಾನದ ಪಾಡ್‌ಕಾಸ್ಟ್‌ಗಳು ಬೇಕಾದಷ್ಟಿವೆ, ಆದರೆ ಎಲ್ಲದರ ರೀತಿ ಒಂದೇ ಅಲ್ಲ. ಕೆಲವು ನಾಟಕ, ಕೆಲವು ಪ್ರಶ್ನೋತ್ತರ, ಕೆಲವು ಒಗಟು, ಇನ್ನು ಕೆಲವು ವಿಜ್ಞಾನಿಗಳ ಜೊತೆ ಮಾತುಕತೆ. ಇವುಗಳಲ್ಲಿ ಯಾವುದು ಮಕ್ಕಳ ತಲೆಯಲ್ಲಿ ಉಳಿಯುತ್ತದೆ ಅಂತ ನೋಡಬೇಕಿತ್ತು. ಹೋಲಿಕೆ ನ್ಯಾಯವಾಗಿರಲಿ ಎಂದು ಆದಷ್ಟೂ ಒಂದೇ ವಿಷಯದ ಎಪಿಸೋಡ್‌ಗಳನ್ನು ಹುಡುಕಿ ಇಟ್ಟುಕೊಂಡೆ. ವಿಷಯ, ಸದ್ದು. ಕಿವಿ ಹೇಗೆ ಕೇಳಿಸಿಕೊಳ್ಳುತ್ತದೆ, ಮಿಂಚು ಮೊದಲು ಗುಡುಗು ಆಮೇಲೆ ಯಾಕೆ, ಇಂಥವು. ಕೇಳಿದ ರಾತ್ರಿ ನಾನು ಒಂದೂ ಪ್ರಶ್ನೆ ಕೇಳುತ್ತಿರಲಿಲ್ಲ. ಎರಡು ದಿನ ಬಿಟ್ಟು ಅವರಾಗಿಯೇ ಅಮ್ಮನ ಹತ್ತಿರವೋ ಗೆಳೆಯರ ಹತ್ತಿರವೋ ಏನು ಹೇಳುತ್ತಾರೆ ಅನ್ನುವುದೇ ನನ್ನ ಅಳತೆಗೋಲು.

ಮೊದಲು ಹಾಕಿದ್ದು ನಾಟಕದ ಬಗೆ. 2017ರಲ್ಲಿ ಶುರುವಾದ ‘ವಾವ್ ಇನ್ ದ ವರ್ಲ್ಡ್’ ಈ ಬಗೆಯಲ್ಲಿ ತುಂಬ ಹೆಸರು ಮಾಡಿದ್ದು. ಇಬ್ಬರು ನಿರೂಪಕರು, ಕೂಗಾಟ, ಓಡಾಟ, ತರಾವರಿ ಸದ್ದು, ಅದರ ಮಧ್ಯೆ ಹೊಸ ಸಂಶೋಧನೆಯೊಂದರ ಕಥೆ. ಇದೇ ರೀತಿಯ ಬೇರೆ ಶೋಗಳನ್ನೂ ಕೇಳಿದೆವು. ಮೊದಲ ವಾರ ಮಕ್ಕಳಿಗೆ ಬೇರೇನೂ ಬೇಡವಾಯಿತು. ಮಗನಿಗೆ ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೆ, ಆದರೂ ದನಿಯ ಏರಿಳಿತಕ್ಕೇ ಬಿದ್ದು ಬಿದ್ದು ನಗುತ್ತಿದ್ದ. ವಿಜ್ಞಾನ ಅಂದರೆ ಖುಷಿ ಅನ್ನುವ ಭಾವನೆ ಮೊದಲು ಹುಟ್ಟಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ.

ತೊಂದರೆ ಕಾಣಿಸಿದ್ದು ಮೂರನೆಯ ದಿನ. ಒಂದು ನಾಟಕದಲ್ಲಿ ಪಾತ್ರಗಳು ಪುಟ್ಟದಾಗಿ ಕಿವಿಯೊಳಗೆ ಇಳಿಯುತ್ತವೆ. ಕಿವಿತಮಟೆಯ ಹಿಂದೆ ಮೂರು ಸಣ್ಣ ಮೂಳೆಗಳಿವೆಯಲ್ಲ, ಅವಕ್ಕೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಹೆಸರು. ನಾಟಕ ಬರೆದವರು ಅಲ್ಲಿ ಒಬ್ಬ ಕಮ್ಮಾರನನ್ನೇ ಕೂರಿಸಿ ಠಣ್ ಠಣ್ ಅಂತ ಬಡಿಸಿದ್ದರು. ಕೇಳುವಾಗ ನನಗೂ ಇಷ್ಟವಾಗಿತ್ತು. ಎರಡು ದಿನ ಕಳೆದ ಮೇಲೆ ಮಗ ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟುತ್ತಿದ್ದ. ಯಾಕೋ ಅಂದರೆ, “ಜೋರಾಗಿ ಕೂಗಿದ್ರೆ ಒಳಗಿರೋನು ಬೀಳ್ತಾನೆ” ಅಂದ. ಅವನ ಮಟ್ಟಿಗೆ ಕಮ್ಮಾರ ನಿಜ. ರಿಕಾಪು ನಮ್ಮ ಇಡೀ ಮೈಯಲ್ಲೇ ಎಲ್ಲಕ್ಕಿಂತ ಚಿಕ್ಕ ಮೂಳೆ, ಸುಮಾರು ಮೂರು ಮಿಲಿಮೀಟರ್, ಅನ್ನುವ ನಿಜವಾದ ಬೆರಗು ಆ ಗದ್ದಲದಲ್ಲಿ ಎಲ್ಲೋ ಕಳೆದುಹೋಗಿತ್ತು. ಮಗಳು ಕಥೆ ಯಾವುದು ನಿಜ ಯಾವುದು ಅಂತ ಬೇರೆ ಮಾಡಿಕೊಂಡಿದ್ದಳು. ಆರರ ವಯಸ್ಸಿನವನಿಂದ ಅದು ಆಗಲಿಲ್ಲ, ಆಗಬೇಕು ಅಂತ ನಿರೀಕ್ಷಿಸುವುದೂ ತಪ್ಪು. ನಾಟಕ ಮುಗಿದ ಮೇಲೆ ದೊಡ್ಡವರೊಬ್ಬರು ಐದು ನಿಮಿಷ ಪಕ್ಕದಲ್ಲಿ ಕೂತು ಮಾತಾಡಲೇಬೇಕು.

ಎರಡನೆಯದು ಪ್ರಶ್ನೋತ್ತರ. 2016ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಸಾರ್ವಜನಿಕ ರೇಡಿಯೊದಿಂದ ಶುರುವಾದ ‘ಬಟ್ ವೈ’ ಇದಕ್ಕೆ ಒಳ್ಳೆಯ ಮಾದರಿ. ಮಕ್ಕಳು ತಮ್ಮ ಪ್ರಶ್ನೆಯನ್ನು ತಮ್ಮದೇ ದನಿಯಲ್ಲಿ ಕಳಿಸುತ್ತಾರೆ, ಬಲ್ಲವರು ಉತ್ತರ ಕೊಡುತ್ತಾರೆ. ತೊದಲುವ ಪುಟ್ಟ ದನಿಯೊಂದು ಹೆಸರು, ವಯಸ್ಸು ಹೇಳಿ ಪ್ರಶ್ನೆ ಕೇಳಿದ ಕೂಡಲೇ ನಮ್ಮವನು ಹೊದಿಕೆ ಸರಿಸಿ ಎದ್ದು ಕೂತ. “ಅವನಿಗೂ ಆರೇ ವರ್ಷ ಅಂತೆ!” ಇಷ್ಟು ಸಾಕಾಯಿತು.

ಈ ಬಗೆಯ ಎಪಿಸೋಡೊಂದರಲ್ಲಿ ಬಂದ ಪ್ರಶ್ನೆ: ರೆಕಾರ್ಡ್ ಮಾಡಿದ ನನ್ನ ದನಿ ನನ್ನದೇ ಅಲ್ಲ ಅನ್ನಿಸುವುದು ಯಾಕೆ? ಉತ್ತರ ಸರಳ. ನಾವು ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಬಂದು ಕಿವಿ ಸೇರುವುದರ ಜೊತೆಗೆ ತಲೆಬುರುಡೆಯ ಮೂಳೆಗಳ ಮೂಲಕವೂ ಒಳಗಿವಿಗೆ ತಲುಪುತ್ತದೆ. ಮೂಳೆಯ ದಾರಿ ತಗ್ಗಿನ ಸ್ವರಗಳನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ದನಿ ನಮಗೆ ತುಂಬಿದ ಹಾಗೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಗಾಳಿಯಲ್ಲಿ ಬಂದದ್ದಷ್ಟೇ ಇರುತ್ತದೆ. ಇಬ್ಬರೂ ಬೆರಳಿನಿಂದ ಕಿವಿ ಮುಚ್ಚಿಕೊಂಡು “ಮ್‌ಮ್‌ಮ್” ಅಂತ ಗುನುಗಿದರು. ಕಿವಿ ಮುಚ್ಚಿದರೆ ದನಿ ಸಣ್ಣದಾಗುವ ಬದಲು ದೊಡ್ಡದಾಯಿತು! ಅವತ್ತು ಅರ್ಧ ಗಂಟೆ ಯಾರೂ ಮಲಗಲಿಲ್ಲ.

ಈ ಬಗೆಯ ಬಲ ಅಂದರೆ ಪ್ರಾಮಾಣಿಕತೆ. “ಇದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ” ಅಂತ ತಜ್ಞರೊಬ್ಬರು ಹೇಳಿದಾಗ ಮಗಳು ಕತ್ತಲಲ್ಲಿ ನನ್ನ ತೋಳು ಹಿಡಿದು, “ಅಪ್ಪಾ, ಹಂಗಾದ್ರೆ ನಾನು ಕಂಡುಹಿಡೀಬಹುದಾ?” ಅಂದಳು. ಕೊರತೆ ಇದು: ಪ್ರಶ್ನೆ ಬಂದ ತಕ್ಷಣ ಉತ್ತರ ಬಂದುಬಿಡುತ್ತದೆ. ಯೋಚಿಸಲು ಸಂದಿಯೇ ಇಲ್ಲ. ಉತ್ತರವೂ ಕೆಲವೊಮ್ಮೆ ಪಾಠದಷ್ಟು ಉದ್ದ.

ವಿಜ್ಞಾನಿಗಳ ಜೊತೆಗಿನ ಮಾತುಕತೆ ಬೇರೆಯೇ ರುಚಿ. 2015ರಲ್ಲಿ ಶುರುವಾದ ‘ಟಂಬಲ್’ ಶೋಧಗಳ ಕಥೆಯನ್ನು ವಿಜ್ಞಾನಿಗಳ ಬಾಯಲ್ಲೇ ಹೇಳಿಸುತ್ತದೆ. ನಾನು ಈ ಬಗೆಗೆ ಆರಿಸಿಕೊಂಡ ವಿಷಯ ಗುರುತ್ವ ಅಲೆ. ಎರಡು ಕಪ್ಪು ಕುಳಿಗಳು ಸುತ್ತುತ್ತ ಒಂದಾದಾಗ ಎದ್ದ ಅಲೆ ಸುಮಾರು 130 ಕೋಟಿ ವರ್ಷ ಪಯಣಿಸಿ 2015ರ ಸೆಪ್ಟೆಂಬರ್ 14ರಂದು, ಇಂಥ ಅಲೆ ಹಿಡಿಯಲೆಂದೇ ಅಮೆರಿಕದಲ್ಲಿ ಕಟ್ಟಿದ ಲೈಗೊ ಉಪಕರಣಗಳಿಗೆ ಸಿಕ್ಕಿತು. ಅದು ಸದ್ದಲ್ಲ, ಜಾಗವೇ ಹಿಗ್ಗಿ ಕುಗ್ಗುವ ಅಲೆ. ಆದರೆ ಅದರ ಕಂಪನ ನಮ್ಮ ಕಿವಿಗೆ ಕೇಳುವ ಮಟ್ಟದಲ್ಲೇ ಇದ್ದದ್ದರಿಂದ ಅದನ್ನು ಸದ್ದಾಗಿ ಮಾಡಿ ಕೇಳಿಸಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಒಂದು ಪುಟ್ಟ ಚಿಲಿಪಿಲಿ. ಮಗಳು ಅದನ್ನು ಹನ್ನೊಂದು ಸಲ ಹಾಕಿಸಿದಳು. ಮಗ ಮೊದಲನೆಯದಕ್ಕೇ ನಿದ್ದೆ ಹೋಗಿದ್ದ. ಎಂಟು ವರ್ಷ ದಾಟಿದವರಿಗೆ ಇದು ಹಬ್ಬ, ಚಿಕ್ಕವರಿಗೆ ಸದ್ಯಕ್ಕೆ ಬೇಡ.

ಇನ್ನು ಒಗಟು. ನನ್ನ ಮನಸ್ಸು ನಿಂತದ್ದು ಇಲ್ಲಿ. 2012ರಿಂದ ಬರುತ್ತಿರುವ ‘ಬ್ರೇನ್ಸ್ ಆನ್’ ಶೋದಲ್ಲಿ ನಿರೂಪಕಿಯ ಜೊತೆ ಒಂದು ಮಗುವೂ ನಿರೂಪಣೆಗೆ ಕೂತಿರುತ್ತದೆ, ನಡುವೆ ಒಂದು ಗುಟ್ಟಿನ ಸದ್ದು ಬರುತ್ತದೆ. ಏನದು, ಊಹಿಸಿ. ಉತ್ತರ ಆಮೇಲೆ. ಈ ಒಂದು ಉಪಾಯದಿಂದ ಕೇಳುವ ಮಗು ಕೆಲಸಕ್ಕೆ ಇಳಿಯುತ್ತದೆ.

ಒಂದು ರಾತ್ರಿ ಇಂಥದೇ ಒಗಟಾಗಿ ಚಟಪಟ ಸದ್ದು ಬಂತು. “ಬೆಂಕಿ!” ಅಂದ ಮಗ. “ಬೆಂಕಿ ಇಷ್ಟು ತೆಳ್ಳಗೆ ಕೇಳಲ್ಲ ಕಣೋ, ಯಾರೋ ಕಾಗದ ಮುದುರ್ತಿದಾರೆ” ಅಂದಳು ಅಕ್ಕ. ಶೋ ಮುಂದೆ ಹೋಗುವುದರಲ್ಲಿತ್ತು. “ಅಪ್ಪಾ ನಿಲ್ಸು, ನಿಲ್ಸು!” ಅಂತ ಇಬ್ಬರೂ ಕೂಗಿದರು. ನಿಲ್ಲಿಸಿದೆ. ಕತ್ತಲಲ್ಲಿ ಹತ್ತು ನಿಮಿಷ ವಾದ ನಡೆಯಿತು, ಎರಡು ಸಲ ಹಿಂದಕ್ಕೆ ಹೋಗಿ ಕೇಳಿದೆವು. ಅದು ನೀರಿಗೆ ಬಿದ್ದ ಮಂಜುಗಡ್ಡೆ. ಥಟ್ಟನೆ ಬಿಸಿಯಾದ ಗಡ್ಡೆ ಬಿರುಕು ಬಿಡುತ್ತದೆ, ಒಳಗೆ ಸಿಕ್ಕಿಕೊಂಡಿದ್ದ ಗಾಳಿಗುಳ್ಳೆಗಳೂ ಸಿಡಿಯುತ್ತವೆ. ಹಿಮನದಿಗಳು ಸಮುದ್ರ ಸೇರುವ ಕಡೆ ಇದೇ ಗುಳ್ಳೆಗಳು ನೀರಿನಡಿ ಎಬ್ಬಿಸುವ ಗದ್ದಲ ಎಷ್ಟೆಂದರೆ, ಸಾಗರದ ಅತಿ ಗಲಾಟೆಯ ಜಾಗಗಳಲ್ಲಿ ಅವೂ ಸೇರುತ್ತವೆ. ಬೆಳಗ್ಗೆ ಎದ್ದರೆ ಇಬ್ಬರೂ ಲೋಟಕ್ಕೆ ಕಿವಿಯೊಡ್ಡಿ ಕೂತಿದ್ದರು.

ಗುಡುಗಿನ ಎಪಿಸೋಡೂ ಹೀಗೇ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ ಅಂತ ನಾಟಕದಲ್ಲೂ ಹೇಳಿದ್ದರು, ಪ್ರಶ್ನೋತ್ತರದಲ್ಲೂ ಹೇಳಿದ್ದರು, ಒಬ್ಬರಿಗೂ ನೆನಪಿರಲಿಲ್ಲ. ಒಗಟಿನ ಶೋದಲ್ಲಿ “ಈಗ ಮಿಂಚಿತು, ಎಣಿಸಿ” ಅಂದು ಸುಮ್ಮನಾದರು. ನಮ್ಮ ಮಕ್ಕಳು ಒಂದು, ಎರಡು ಅಂತ ಎಣಿಸಿದರು. ಒಂಬತ್ತಕ್ಕೆ ಗುಡುಗು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್, ಹಾಗಾದರೆ ಮೂರು ಕಿಲೋಮೀಟರ್ ದೂರ. ಆಮೇಲೆ ನಿಜವಾದ ಮಳೆ ಬಂದ ರಾತ್ರಿ ಮಗ ಕಿಟಕಿಯ ಬಳಿ ನಿಂತು ಎಣಿಸುತ್ತಿದ್ದ. ಅಷ್ಟು ದಿನ ಗುಡುಗಿಗೆ ಹೆದರಿ ಹೊದಿಕೆಯೊಳಗೆ ತೂರುತ್ತಿದ್ದವನು.

ಆ ಒಂಬತ್ತು ಸೆಕೆಂಡಿನ ಮೌನವನ್ನು ಬೇರೆ ಯಾವ ಶೋವೂ ನಮಗೆ ಕೊಡಲಿಲ್ಲ. ಅದು ಗೊತ್ತಾದ ಮೇಲೆ ಉಳಿದ ಬಗೆಗಳನ್ನೂ ಹಾಗೇ ಕೇಳತೊಡಗಿದೆವು. ಪ್ರಶ್ನೆ ಬಂದ ಕೂಡಲೇ ನಿಲ್ಲಿಸುವುದು, ಊಹಿಸುವುದು, ಮುಂದುವರಿಸುವುದು. ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡದಲ್ಲಿ ಹೇಳಲು ನನಗೂ ಅದೇ ಸಮಯ. ಹೀಗೆ ಕೇಳಿದ ಮೇಲೆ ಪ್ರಶ್ನೋತ್ತರದ ಬಗೆ ಒಗಟಿನ ಪಕ್ಕಕ್ಕೇ ಬಂದು ನಿಂತಿತು. ನಾಟಕಕ್ಕೆ ಮಾತ್ರ ಇದು ಹೊಂದಲಿಲ್ಲ. ನಡುವೆ ನಿಲ್ಲಿಸಿದರೆ ಮಕ್ಕಳಿಗೆ ಸಿಟ್ಟೇ ಬರುತ್ತದೆ, ಬರಬೇಕಾದ್ದೇ. ಅದನ್ನು ದೂರದ ಪ್ರಯಾಣಕ್ಕೆ ಇಟ್ಟುಕೊಂಡಿದ್ದೇವೆ.

ಇಯರ್‌ಫೋನ್ ಬಗ್ಗೆ ಒಂದು ಮಾತು. ಮಕ್ಕಳಿಗೆ ವಾರಕ್ಕೆ 40 ಗಂಟೆಯವರೆಗೆ 75 ಡೆಸಿಬೆಲ್ ಮೀರದಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಮುಖ್ಯವಾಗಿ ನನಗೆ ಕಂಡದ್ದು, ಇಯರ್‌ಫೋನ್ ಹಾಕಿಕೊಂಡರೆ ಇಬ್ಬರೂ ಜಗಳ ಆಡುವುದಿಲ್ಲ. ಆ ಜಗಳದಲ್ಲೇ ಅವರು ಅತಿ ಹೆಚ್ಚು ಕಲಿತದ್ದು.

ಹೋದ ವಾರದಿಂದ ಮಗ ತನ್ನದೇ ಶೋ ಮಾಡುತ್ತಿದ್ದಾನೆ. ನನ್ನ ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ ಅಮ್ಮನಿಗೆ ಕೇಳಿಸಿ ಊಹಿಸಲು ಹೇಳುವುದು. ಮೊದಲ ಎಪಿಸೋಡ್, ಬಾಟಲಿಗೆ ನೀರು ತುಂಬುವುದು. ನೀರು ಏರಿದಂತೆ ಒಳಗಿನ ಗಾಳಿಯ ಜಾಗ ಕಿರಿದಾಗಿ ಸ್ವರವೂ ಏರುತ್ತದೆ. ಕಣ್ಣು ಮುಚ್ಚಿಕೊಂಡೇ “ಈಗ ತುಂಬಿತು” ಅನ್ನಬಹುದು. ಎರಡನೆಯದರಲ್ಲಿ ಎರಡು ಸದ್ದು: ಬಿಸಿ ನೀರು ಸುರಿದದ್ದು, ತಣ್ಣೀರು ಸುರಿದದ್ದು. ಯಾವುದು ಯಾವುದು ಅಂತ ಅಮ್ಮ ಸರಿಯಾಗಿಯೇ ಹೇಳಿದಳು. ಹೇಗೆ ಗೊತ್ತಾಯಿತು ಅಂತ ಮಗ ಕೇಳಿದಾಗ ಉತ್ತರ ಬಾಯಿಗೆ ಬರಲಿಲ್ಲ. ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಕೈ ಅಡ್ಡ ಹಿಡಿದಳು.

“ನಿಲ್ಸು ಅಪ್ಪಾ. ನಾವಿನ್ನೂ ಊಹಿಸ್ತಾ ಇದೀವಿ.”